ಉತ್ತರ: ಕಾರ್ಡ್ ಡಾರ್ಕ್ ಆದರೂ ಬಟನ್ ಲೈಟ್ ಆಗಿಯೇ ಉಳಿಯುವುದೇಕೆ?

ಲೈಟ್ ವೆಬ್ ಪುಟದಲ್ಲಿ ಒಂದು ಕಾರ್ಡಿಗೆ (ಪುಟದೊಳಗಿನ ಒಂದು ಚೌಕಕ್ಕೆ) ಮಾತ್ರ ಡೇಟಾ-ಥೀಮ್ ಡಾರ್ಕ್ (ಯಾವ ಥೀಮ್ ಎಂದು ಹೇಳುವ ಎಚ್‌ಟಿಎಂಎಲ್ ಗುರುತು) ಕೊಟ್ಟರೆ ಒಳಗಿನ ಬಟನ್ ಬದಲಾಗುತ್ತಿಲ್ಲ ಅಂದಿದ್ದೀರಿ. ತಪ್ಪು ಶ್ಯಾಡೋ ಡಾಮ್‌ನದ್ದಲ್ಲ (ಹೊರಗಿನ ಸ್ಟೈಲ್ ಒಳಗೆ ತಾಗದಂತೆ ಬಟನ್‌ನಂಥ ಭಾಗವನ್ನು ಬೇರ್ಪಡಿಸುವ ಗೋಡೆ ಅದು). ಸಿಎಸ್ಎಸ್ ವೇರಿಯಬಲ್‌ಗಳು (ಬಣ್ಣದಂಥ ಮೌಲ್ಯಕ್ಕೆ ಸ್ಟೈಲ್ ಕೋಡ್‌ನಲ್ಲಿ ಇಟ್ಟ ಹೆಸರುಗಳು) ಅದನ್ನು ದಾಟಿ ಒಳಗೆ ಬಂದೇ ಬರುತ್ತವೆ.

ನಿಮ್ಮ ಕೋಡ್‌ನಲ್ಲಿ ಬಟನ್ ಹಿನ್ನೆಲೆಯ ವೇರಿಯಬಲ್ ರೂಟ್‌ನಲ್ಲಿದೆ (ಪುಟದ ಎಲ್ಲಕ್ಕೂ ಮೇಲಿನ ಎಲಿಮೆಂಟ್), ಅದರ ಮೌಲ್ಯ ಮುಖ್ಯಬಣ್ಣದ ವೇರಿಯಬಲ್‌ನಿಂದ ಬರುತ್ತದೆ. ಬ್ರೌಸರ್ ಆ ವಾರ್ (var, ಅಂದರೆ ಇನ್ನೊಂದು ವೇರಿಯಬಲ್‌ನ ಮೌಲ್ಯ ತರುವ ಬರಹ) ಅನ್ನು ಬರೆದ ಎಲಿಮೆಂಟ್‌ನಲ್ಲೇ ಬಿಡಿಸಿ, ಸಿಕ್ಕ ಲೈಟ್ ಬಣ್ಣವನ್ನೇ ಕೆಳಗೆ ಇಳಿಸುತ್ತದೆ. ಕಾರ್ಡಿನಲ್ಲಿ ಮುಖ್ಯಬಣ್ಣ ಬದಲಾದರೂ ಬಟನ್ ಅದನ್ನು ಮತ್ತೆ ಲೆಕ್ಕ ಹಾಕುವುದಿಲ್ಲ.

ಬಟನ್ ಹಿನ್ನೆಲೆಯ ವೇರಿಯಬಲ್ ಬರೆದ ಕಡೆಯ ಸೆಲೆಕ್ಟರ್‌ನಲ್ಲಿ (ಸ್ಟೈಲ್ ಯಾವ ಎಲಿಮೆಂಟ್‌ಗೆ ಎಂದು ಹೇಳುವ ಭಾಗ) ರೂಟ್ ಜೊತೆ ಅಲ್ಪವಿರಾಮ ಹಾಕಿ ಡೇಟಾ-ಥೀಮ್ ಅನ್ನೂ ಸೇರಿಸಿ. ಪ್ರತಿ ಥೀಮ್ ಗಡಿಯಲ್ಲೂ ಹೊಸದಾಗಿ ಲೆಕ್ಕವಾಗುತ್ತದೆ. ಅಲ್ಲೇ ಕಲರ್ (ಅಕ್ಷರದ ಬಣ್ಣ) ಮತ್ತು ಬ್ಯಾಕ್‌ಗ್ರೌಂಡ್ ಕೂಡ ಬರೆಯಿರಿ, ಇಲ್ಲದಿದ್ದರೆ ಬಾಡಿಯ (ಇಡೀ ಪುಟದ) ಕಪ್ಪು ಅಕ್ಷರ ಕಪ್ಪು ಕಾರ್ಡಿನೊಳಗೆ ಇಳಿಯುತ್ತದೆ. ಡಾರ್ಕ್ ಸೆಲೆಕ್ಟರ್‌ನಲ್ಲಿ ಕಲರ್-ಸ್ಕೀಮ್ ಡಾರ್ಕ್ ಮರೆಯಬೇಡಿ. ಸ್ಕ್ರಾಲ್‌ಬಾರ್, ಚೆಕ್‌ಬಾಕ್ಸ್ ಬದಲಾಗುವುದು ಅದರಿಂದಲೇ.