ಸ್ವಿಚ್ ಹೊಸದು, ಸ್ಪೀಡ್ ಹಳೆಯದು

ಪ್ರಶ್ನೆ: ರೂಟರ್‌ನಲ್ಲಿ ಪೋರ್ಟ್ ಸಾಲದೆ 5 ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ತಂದೆ. ಟಿವಿ, ಪ್ರಿಂಟರ್ ಸರಿಯಾಗಿವೆ. ಮಹಡಿ ಮೇಲಿನ ಕಂಪ್ಯೂಟರ್‌ಗೆ ಮಾತ್ರ 95 ಎಂಬಿಪಿಎಸ್ ದಾಟುತ್ತಿಲ್ಲ. ನಮ್ಮದು 200ರ ಪ್ಲಾನ್. ಸ್ವಿಚ್‌ನಲ್ಲಿ ಏನಾದರೂ ಸೆಟ್ಟಿಂಗ್ ಮಾಡಬೇಕಾ?
– ಓದುಗರೊಬ್ಬರು, ಶಿರಸಿ

ಉತ್ತರ: ಈ ಥರದ ಸ್ವಿಚ್‌ನಲ್ಲಿ ಸೆಟ್ಟಿಂಗ್ ಅನ್ನೋದೇ ಇಲ್ಲ. ರೂಟರ್‌ನ ಲ್ಯಾನ್ ಪೋರ್ಟಿನಿಂದ ಒಂದು ಕೇಬಲ್ ತಂದು ಯಾವ ಪೋರ್ಟಿಗೆ ಸಿಕ್ಕಿಸಿದರೂ ನಡೆಯುತ್ತದೆ, ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನದ ಗುರುತಿನ ಸಂಖ್ಯೆ) ಹಂಚುವುದು ರೂಟರ್ ಕೆಲಸ. ನನಗೆ ಅನುಮಾನ ಮಹಡಿಗೆ ಹೋದ ಕೇಬಲ್ ಮೇಲೆ. 95 ಅಂದರೆ ಸ್ವಿಚ್‌ಗೂ ಕಂಪ್ಯೂಟರ್‌ಗೂ ನಡುವಿನ ಲಿಂಕ್ 100ಕ್ಕೆ ಇಳಿದು ಕೂತಿದೆ ಅಂತ. 100ಕ್ಕೆ ಕೇಬಲ್ ಒಳಗಿನ 4 ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, ನೀಲಿ ಅಥವಾ ಕಂದು ತಂತಿ ತುದಿ ಮುಟ್ಟದೆ ಹಿಂದೆಯೇ ನಿಂತಿದ್ದರೆ ಅಲ್ಲೇ ಕಳ್ಳ. ಹೊಸ ಪ್ಲಗ್ ಹಾಕಿಸಿ, ಸುಮ್ನೆ ಸ್ವಿಚ್ ವಾಪಸ್ ಮಾಡಬೇಡಿ. ಎಂಟೂ ಸರಿಯಿದ್ದರೆ ಕಂಪ್ಯೂಟರನ್ನೇ ಕೆಳಗೆ ತಂದು ಗಿಡ್ಡ ಕೇಬಲ್‌ನಲ್ಲಿ ನೋಡಿ, ಹಳೆ ಕಂಪ್ಯೂಟರಾದರೆ ಅದರ ಪೋರ್ಟೇ 100ರದ್ದಿರಬಹುದು.

ಇನ್ನೊಂದು ಮಾತು. ಸ್ಪೀಡ್ ಜಾಸ್ತಿ ಆಗಲಿ ಅಂತ ರೂಟರ್‌ನಿಂದ ಸ್ವಿಚ್‌ಗೆ ಎರಡು ಕೇಬಲ್ ಎಳೆಯಬೇಡಿ. ಡೇಟಾ ಸುತ್ತಿದಲ್ಲೇ ಸುತ್ತಿ, ಲೈಟುಗಳೆಲ್ಲ ಹುಚ್ಚು ಹಿಡಿದಂತೆ ಮಿಣಮಿಣ ಅನ್ನುತ್ತಾ, ಮನೆಯ ನೆಟ್ಟೇ ನಿಂತುಹೋಗುತ್ತದೆ. ನಾನೇ ಒಮ್ಮೆ ಮಾಡಿಕೊಂಡಿದ್ದೆ!