ಓದುಗರ ಪ್ರಶ್ನೆ: ಅಟ್ಟದಿಂದ ಇಳಿದ ಅಂಚೆಚೀಟಿಗಳು

ಪ್ರಶ್ನೆ: ಹೈಸ್ಕೂಲಿನಲ್ಲಿದ್ದಾಗ ಕೂಡಿಸಿದ ಅಂಚೆಚೀಟಿಗಳು ನಿವೃತ್ತಿಯಾದ ಮೇಲೆ ಅಟ್ಟದಲ್ಲಿ ಸಿಕ್ಕವು. ಹವ್ಯಾಸ ಮುಂದುವರಿಸುವ ಆಸೆ. ಹಲವು ಚೀಟಿಗಳು ನೋಟ್‌ಬುಕ್ಕಿಗೆ ಗೋಂದಿನಿಂದ ಅಂಟಿವೆ, ಕೆಲವಕ್ಕೆ ಸೆಲೋಟೇಪ್ ಇದೆ, ಹಳೆಯ ಲಕೋಟೆಗಳೂ ಇವೆ. ಬಿಡಿಸುವುದು ಹೇಗೆ?
— ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಲಕೋಟೆಗಳನ್ನು ಬದಿಗಿಡಿ. ಊರಿನ ಹೆಸರು, ತಾರೀಖು ಸ್ಪಷ್ಟವಾಗಿ ಕಾಣುವ ಠಸ್ಸೆ ಇದ್ದರೆ ಚೀಟಿ ಕತ್ತರಿಸಲೇಬೇಡಿ. ಯಾವ ಊರಿಂದ ಯಾವ ಊರಿಗೆ, ಎಷ್ಟು ದರಕ್ಕೆ ಹೋಯಿತು ಎಂಬುದೆಲ್ಲ ಇಡೀ ಲಕೋಟೆಯಲ್ಲಿ ಉಳಿದಿರುತ್ತದೆ. ಬಿಡಿಸಿದ ಚೀಟಿಯಲ್ಲಿ ಅದು ಇರುವುದಿಲ್ಲ.

ನೋಟ್‌ಬುಕ್ಕಿಗೆ ಅಂಟಿದವನ್ನು ಎಳೆಯಬೇಡಿ. ಹಿಂಬದಿಯ ಕಾಗದದ ಪದರ ಕಿತ್ತು, ಬೆಳಕಿಗೆ ಹಿಡಿದಾಗ ತೆಳುವಾಗಿ ಕಾಣುತ್ತದೆ. ಅಂಥ ಚೀಟಿಗೆ ಬೆಲೆ ಬಿದ್ದುಹೋಗುತ್ತದೆ. ಸುತ್ತ ಅರ್ಧ ಸೆಂ.ಮೀ. ಬಿಟ್ಟು ಹಾಳೆ ಕತ್ತರಿಸಿ, ಅಗಲ ತಟ್ಟೆಯ ತಣ್ಣೀರಿನಲ್ಲಿ ಮುಖ ಮೇಲಾಗಿ ತೇಲಿಬಿಡಿ. ಒಂದಕ್ಕೊಂದು ತಾಗದಷ್ಟು ಮಾತ್ರ ಹಾಕಿ. 20 ನಿಮಿಷಕ್ಕೆ ಜಾರಿ ಬರಬೇಕು, ಬರದಿದ್ದರೆ ಇನ್ನೂ 10 ನಿಮಿಷ ಕಾಯಿರಿ. ನೇರಳೆ ಶಾಯಿ ತಾಗಿದವು, ಬಣ್ಣದ ಲಕೋಟೆಯ ತುಂಡುಗಳು ಬೇರೆ ತಟ್ಟೆಗೆ ಹೋಗಲಿ. ಅವು ಬಣ್ಣ ಬಿಟ್ಟರೆ ಪಕ್ಕದ ಚೀಟಿಗಳೂ ಹಾಳು.

ಹಿಂಬದಿ ಬೆರಳಿಗೆ ಲೋಳೆಲೋಳೆ ಅನಿಸಿದರೆ ಗೋಂದು ಉಳಿದಿದೆ ಎಂದರ್ಥ. ಹೊಸ ನೀರಿನಲ್ಲಿ ಮತ್ತೊಮ್ಮೆ ಜಾಲಿಸಿ, ಇಲ್ಲದಿದ್ದರೆ ಒಣಗುವಾಗ ಬ್ಲಾಟಿಂಗ್ ಪೇಪರಿಗೇ ಅಂಟಿಕೊಳ್ಳುತ್ತದೆ. ಮುಖ ಕೆಳಗಾಗಿ ನೆರಳಲ್ಲಿ ಆರಲು ಬಿಡಿ. ಸ್ವಲ್ಪ ತೇವ ಇರುವಾಗಲೇ ಎರಡು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಟ್ಟರೆ ಸುರುಳಿಯಾಗುವುದಿಲ್ಲ.

ಸೆಲೋಟೇಪಿನ ಕಂದು ಕಲೆ ಕಾಗದಕ್ಕೆ ಇಳಿದಿದ್ದರೆ ಹೋಗುವುದಿಲ್ಲ, ಉಜ್ಜಬೇಡಿ. ಅಂಟು ಹಾಗೇ ಇರುವ ಬಳಸದ ಚೀಟಿಗಳಿಗೆ ನೀರು ಸೋಕಿಸಲೇಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಚೀಟಿಗಳು ಆಲ್ಬಮ್ಮಿಗೇ ಅಂಟಿಕೊಳ್ಳುತ್ತವೆ. ಏನು ಮಾಡಲಿ?
— ಓದುಗರು, ಕುಂದಾಪುರ

ಉತ್ತರ: ಆಲ್ಬಮ್ಮುಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ, ಭಾರ ಬಿದ್ದಷ್ಟೂ ಅಂಟು ಹಿಡಿಯುತ್ತದೆ. ಗೋಡೆಗೆ ತಾಗಿದ ಬೀರು ಬೇಡ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಬಿಸಿಲು ಬಿದ್ದ ದಿನ ಪುಟ ತೆರೆದು ನೆರಳಲ್ಲಿ ಗಾಳಿಯಾಡಿಸಿ. ಪಿವಿಸಿ ಪ್ಲಾಸ್ಟಿಕ್ ಹಾಳೆಯ ಅಗ್ಗದ ಫೋಟೊ ಆಲ್ಬಮ್ಮು ಮಾತ್ರ ಯಾವ ಊರಿನಲ್ಲೂ ಬೇಡ. ಅದನ್ನು ಮೆತ್ತಗಾಗಿಸಲು ಸೇರಿಸಿದ ರಾಸಾಯನಿಕ ಹೊರಬಂದು ಚೀಟಿಯ ಶಾಯಿಯನ್ನೇ ಕರಗಿಸುತ್ತದೆ. ಚೀಟಿಯನ್ನು ಬರಿಗೈಯಿಂದ ಮುಟ್ಟದೆ, ತುದಿ ಚಪ್ಪಟೆಯಾದ ಚಿಮಟ ಬಳಸಿ.

ಪ್ರಶ್ನೆ: ಅಜ್ಜನ ಸಂಗ್ರಹದಲ್ಲಿ 10 ರೂಪಾಯಿಯ ಗಾಂಧಿ ಚೀಟಿ ಇದೆ. ಅಸಲಿ ಎಂದು ತಿಳಿಯುವುದು ಹೇಗೆ?
— ಓದುಗರು, ಧಾರವಾಡ

ಉತ್ತರ: 1948ರ ಆಗಸ್ಟ್ 15ರಂದು ಬಂದ ಆ ಸರಣಿಯಲ್ಲಿ ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ, 10 ರೂಪಾಯಿ ಹೀಗೆ ನಾಲ್ಕು ಚೀಟಿಗಳಿದ್ದವು. ಮುದ್ರಣ ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದ್ದು, ಫೋಟೊಗ್ರಾವ್ಯೂರ್ (ಲೋಹದ ಮೇಲೆ ಕೊರೆದ ಕುಳಿಗಳಲ್ಲಿ ಶಾಯಿ ತುಂಬಿ ಒತ್ತುವ) ವಿಧಾನದ್ದು. 10 ರೂಪಾಯಿಯದಕ್ಕೆ ನಕಲಿಗಳ ಕಾಟ ಹೆಚ್ಚು. ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿಯಲ್ಲಿ ನೋಡಿ: ಬೇರೆಬೇರೆ ಬಣ್ಣದ ಚುಕ್ಕೆಗಳು ಹೂವಿನಂತೆ ಗುಂಪುಗೂಡಿದ್ದರೆ ಅದು ಆಫ್‌ಸೆಟ್ (ಪುಸ್ತಕ, ಪತ್ರಿಕೆಗಳಿಗೆ ಬಳಸುವ ಮುದ್ರಣ ವಿಧಾನ) ನಕಲು. ಅಂಚಿನ ರಂಧ್ರಗಳನ್ನು ಪರ್ಫರೇಶನ್ ಗೇಜಿನಲ್ಲಿ ಅಳೆಯಿರಿ, 2 ಸೆಂ.ಮೀ.ಗೆ ಹನ್ನೊಂದೂವರೆ ಬರಬೇಕು. ಕಾಗದದಲ್ಲಿ ನೀರುಗುರುತು (ಬೆಳಕಿಗೆ ಹಿಡಿದಾಗ ಕಾಣುವ ವಾಟರ್‌ಮಾರ್ಕ್) ಇರಬಾರದು.

ಇವೆಲ್ಲ ಸರಿಹೋದರೂ ಮಾರುವ ಮುನ್ನ ಪರಿಣತರಿಂದ ಪ್ರಮಾಣಪತ್ರ ಪಡೆಯಿರಿ. ಚೀಟಿಯ ಮೇಲೆ ‘ಸರ್ವಿಸ್’ ಎಂಬ ಇಂಗ್ಲಿಷ್ ಮೇಲ್ಮುದ್ರಣವಿದ್ದರೆ ಇನ್ನಷ್ಟು ಎಚ್ಚರ. ಗವರ್ನರ್ ಜನರಲ್ ಕಚೇರಿಗೆಂದು ಮಾಡಿದ ಆ ಚೀಟಿ ತೀರಾ ವಿರಳ, ಸಾದಾ ಚೀಟಿಯ ಮೇಲೆ ಆ ಪದವನ್ನು ಆಮೇಲೆ ಒತ್ತಿದ ಖೋಟಾಗಳೂ ಇವೆ.