ಚಿಕ್ಕ ಟ್ರ್ಯಾಕ್ಟರ್‌ನಲ್ಲಿ ದೊಡ್ಡ ಕಲ್ಲು ಸಾಗಿಸುವುದು: ಎತ್ತಬೇಡಿ, ಎಳೆಯಿರಿ

ನಿಮ್ಮ ಹತ್ತಿರ 24 ಎಚ್‌ಪಿ ಟ್ರ್ಯಾಕ್ಟರ್ ಇದೆ, ಮುಂದೆ ಭಾರ ಎತ್ತುವ ಲೋಡರ್ ಇಲ್ಲ. ಅರ್ಧ ಹೂತಿರುವ ಏಳೆಂಟು ಕಲ್ಲುಗಳನ್ನು ಕಿತ್ತು ಬೇಲಿ ಅಂಚಿಗೆ ಸಾಗಿಸಬೇಕು. ಹಿಂದಿನ ಲಿಫ್ಟ್‌ಗೆ ಚೈನ್ ಕಟ್ಟಿ ಎತ್ತಿಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಟ್ರ್ಯಾಕ್ಟರ್‌ನಿಂದ ಈ ಕೆಲಸ ಆಗುತ್ತದೆ, ಆದರೆ ಕಲ್ಲನ್ನು ನೆಲದ ಮೇಲೇ ಇಟ್ಟು ಎಳೆಯಬೇಕು.

ಮೊದಲು ಕಲ್ಲಿನ ತೂಕ ಅಂದಾಜು ಮಾಡಿ. ಗ್ರಾನೈಟ್ ಜಾತಿಯ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತದೆ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಅಂದರೆ 12 ಘನ ಅಡಿ, ಅಂದರೆ 900 ಕೆಜಿ. ಮೂಲೆಗಳು ದುಂಡಗಿದ್ದರೆ ಮೂರನೇ ಒಂದು ಭಾಗ ಕಳೆಯಿರಿ, ಆಗಲೂ 600 ಕೆಜಿ ಉಳಿಯಿತು. ಹೊರಗೆ ಕಾಣುವುದು ಅರ್ಧ ಮಾತ್ರ, ಮಣ್ಣೊಳಗೆ ಇರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟು ಭಾರ ಹಿಂದೆ ನೇತಾಡಿದರೆ ಮುಂದಿನ ಚಕ್ರಗಳು ಹಗುರವಾಗುತ್ತವೆ. ಆಮೇಲೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಎಳೆಯುವಾಗಲೂ ಚೈನ್ ಎಲ್ಲಿ ಕಟ್ಟುತ್ತೀರಿ ಅನ್ನುವುದೇ ಮುಖ್ಯ. ಹಿಂದೆ ಕೆಳಗಿರುವ, ಎಳೆಯಲೆಂದೇ ಇರುವ ಕಬ್ಬಿಣದ ಪಟ್ಟಿ, ಅಂದರೆ ಡ್ರಾಬಾರ್‌ಗೆ ಮಾತ್ರ ಕಟ್ಟಿ. ಲಿಫ್ಟಿನ ಮೇಲ್ತೋಳಾದ ಟಾಪ್ ಲಿಂಕ್‌ಗೆ, ಸೀಟಿನ ಹಿಂದಿನ ಕಂಬಿಗೆ, ಒಟ್ಟಿನಲ್ಲಿ ಹಿಂದಿನ ಆಕ್ಸಲ್‌ಗಿಂತ ಮೇಲೆ ಎಲ್ಲೂ ಬೇಡ. ಚಕ್ರ ಮುಂದಕ್ಕೆ ಹೋಗಲು ನೋಡುತ್ತದೆ, ಕಲ್ಲು ಬಿಡುವುದಿಲ್ಲ, ಆಗ ಟ್ರ್ಯಾಕ್ಟರ್ ತನ್ನ ಆಕ್ಸಲ್ ಸುತ್ತಲೇ ತಿರುಗಿ ಮೂತಿ ಎತ್ತುತ್ತದೆ. ಹಿಂದಕ್ಕೆ ಮಗುಚಿಕೊಳ್ಳಲು ಒಂದೆರಡು ಸೆಕೆಂಡು ಸಾಕು. ನನಗೆ ಒಮ್ಮೆ ಹೀಗಾಗಿದೆ. ಚೈನ್ ಗಿಡ್ಡವಾಗಿದೆ ಅಂತ ಮೇಲಿನ ಕೊಂಡಿಗೆ ಸಿಕ್ಕಿಸಿದ್ದೆ. ಕಲ್ಲು ಒಂದು ಬೇರಿಗೆ ತಗುಲಿಕೊಂಡಿತ್ತು. ಕ್ಲಚ್ ಬಿಟ್ಟೆ, ಬಾನೆಟ್ ಮೇಲೆದ್ದಿತು, ಎದುರಿನ ಬೇಲಿ ಕಣ್ಣಿಗೆ ಮರೆಯಾಯಿತು. ಕಾಲು ತಾನಾಗಿ ಕ್ಲಚ್ ಒತ್ತಿತು, ಚಕ್ರಗಳು ಧಪ್ ಅಂತ ನೆಲಕ್ಕೆ ಬಿದ್ದವು. ಅವತ್ತು ಮತ್ತೆ ಗಾಡಿ ಹತ್ತಲಿಲ್ಲ. ನಿಮ್ಮ ಟ್ರ್ಯಾಕ್ಟರ್‌ಗೆ ಮಗುಚಿದರೆ ಕಾಪಾಡುವ ಕಬ್ಬಿಣದ ಚೌಕಟ್ಟು ಇದ್ದರೆ ಅದನ್ನು ಎತ್ತಿ ನಿಲ್ಲಿಸಿ, ಸೀಟ್ ಬೆಲ್ಟ್ ಹಾಕಿಕೊಳ್ಳಿ.

ಇನ್ನು ಕಲ್ಲು ಸಡಿಲಿಸುವ ಕೆಲಸ. ಅರ್ಧ ದಿನ ಇದಕ್ಕೇ ಹೋಗಲಿ, ಬೇಜಾರು ಬೇಡ. ಸುತ್ತ ಮಣ್ಣು ತೆಗೆಯಿರಿ. ಎಳೆಯುವ ಕಡೆಗೆ ಗುಂಡಿಯ ಗೋಡೆಯನ್ನು ಕಡಿದು ಇಳಿಜಾರು ಮಾಡಿ. ಹಸಿ ಮಣ್ಣು ಕಲ್ಲಿನ ತಳವನ್ನು ಕಚ್ಚಿ ಹಿಡಿದಿರುತ್ತದೆ, ಅದನ್ನು ಬಿಡಿಸುವುದು ಹಾರೆ. ಐದು ಅಡಿ ಹಾರೆಯ ತುದಿಯಿಂದ ಅರ್ಧ ಅಡಿಗೆ ಒಂದು ಗಟ್ಟಿ ಮರದ ತುಂಡು ಆಸರೆ ಕೊಟ್ಟರೆ ನಿಮ್ಮ ಬಲ ಒಂಬತ್ತು ಪಟ್ಟು ಆಗುತ್ತದೆ. 50 ಕೆಜಿಯಷ್ಟು ಒತ್ತಿದರೆ ಆ ಕಡೆ 450 ಕೆಜಿ. ಒತ್ತುತ್ತಾ ಕಲ್ಲಿನ ಅಂಚನ್ನೇ ನೋಡುತ್ತಿರಿ. ಮಣ್ಣಿಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ, ಒಳಗಿಂದ ಗಾಳಿ ಎಳೆದುಕೊಂಡ ಹಾಗೆ ಸಣ್ಣ ಸದ್ದು ಬರುತ್ತದೆ. ಅಲ್ಲಿಗೆ ಕಲ್ಲು ಬಿಟ್ಟಿತು ಅಂತ ಅರ್ಥ. ಎದ್ದಷ್ಟಕ್ಕೆ ಸಣ್ಣ ಕಲ್ಲು ತುರುಕುತ್ತಾ ಹೋಗಿ, ಆದರೆ ಕೈಯಿಂದ ಅಲ್ಲ, ಕೋಲಿನಿಂದ. ಕಲ್ಲು ಜಾರಿದರೆ ಬೆರಳು ಉಳಿಯುವುದಿಲ್ಲ. ಅಡಿಯಲ್ಲಿ ಚೇಳು ಇರುವುದೂ ಉಂಟು.

ಬರೀ ಕಲ್ಲನ್ನು ಎಳೆದರೆ ಅದು ನೇಗಿಲಿನ ಹಾಗೆ ನೆಲ ಸೀಳುತ್ತದೆ, ಟ್ರ್ಯಾಕ್ಟರ್ ಚಕ್ರ ಸುಮ್ನೆ ಜಾರುತ್ತದೆ. ಒಣ ಗಟ್ಟಿ ನೆಲದಲ್ಲೂ ಟ್ರ್ಯಾಕ್ಟರ್ ಎಳೆಯುವ ಬಲ ಹೆಚ್ಚುಕಡಿಮೆ ತನ್ನ ತೂಕದ ಅರ್ಧದಷ್ಟು, ಎಚ್‌ಪಿ ಎಷ್ಟಿದ್ದರೂ ಸರಿ. ಅದಕ್ಕೇ ಅಡಿಯಲ್ಲಿ ತಗಡು ಬೇಕು. ಐದಾರು ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳೆ ತಂದು, ಮುಂದಿನ ಅಂಚನ್ನು ಮೇಲಕ್ಕೆ ಬಗ್ಗಿಸಿ, ಎರಡು ತೂತು ಹೊಡೆಸಿ ಚೈನ್ ಹಾಕಿಸಿ. ಟ್ರೈಲರ್‌ಗೆ ಏರಿಸುವ ತಾಪತ್ರಯ ಇಲ್ಲ, ಕಲ್ಲು ನೆಲಮಟ್ಟದಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಲೋಡರ್‌ಗಿಂತ ಇದೇ ವಾಸಿ.

ತಗಡಿನ ಮೇಲೆ ಏರಿಸುವುದು ಹೀಗೆ. ಇಳಿಜಾರಿನ ತುದಿಯಲ್ಲಿ ತಗಡು ಹಾಸಿ. ಚೈನನ್ನು ಕಲ್ಲಿನ ಹಿಂದಿನಿಂದ ಸುತ್ತಿ ತಲೆಯ ಮೇಲಿಂದ ಮುಂದಕ್ಕೆ ತನ್ನಿ. ಮೊದಲ ಗೇರ್‌ನಲ್ಲಿ ಮೆಲ್ಲಗೆ ಮುಂದೆ ಹೋದರೆ ಕಲ್ಲು ಮಗ್ಗುಲು ಮಗುಚಿ ತಗಡಿನ ಮೇಲೆ ಕೂರುತ್ತದೆ. ಎಳೆತಕ್ಕೆ ತಕ್ಕ ಗಟ್ಟಿ ಚೈನನ್ನೇ ಬಳಸಿ. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗುತ್ತದೆ, ಹರಿದರೆ ಚಾಟಿಯಂತೆ ವಾಪಸ್ ಬಡಿಯುತ್ತದೆ. ಸಡಿಲ ಇರುವಾಗ ಜರ್ಕ್ ಹೊಡೆಯಬೇಡಿ, ಚೈನ್ ಬಿಗಿಯಾದ ಮೇಲೆ ಎಳೆಯಿರಿ. ಆ ಹೊತ್ತಿಗೆ ಅಕ್ಕಪಕ್ಕ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೇ ಸುಳಿಯಬಾರದು.

ನೆಲ ಇಳಿಜಾರಾಗಿದ್ದರೆ ನೇರ ಮೇಲಕ್ಕೋ ನೇರ ಕೆಳಕ್ಕೋ ಎಳೆಯಿರಿ, ಅಡ್ಡಕ್ಕೆ ಬೇಡ. ಕಡಿದಾದ ಇಳಿಜಾರಲ್ಲಿ ಕೆಳಗೆ ಹೋಗುವಾಗ ತಗಡೇ ಜಾರಿ ಬಂದು ಹಿಂದಿನ ಚಕ್ರಕ್ಕೆ ಬಡಿಯಬಹುದು. ಅಂಥ ಜಾಗಕ್ಕೆ ಹೋಗದಿರುವುದೇ ಒಳ್ಳೆಯದು.

ಟನ್ನು ದಾಟಿದ ಕಲ್ಲಿದ್ದರೆ ಅದನ್ನು ಟ್ರ್ಯಾಕ್ಟರ್‌ಗೆ ಕಟ್ಟಲೇಬೇಡಿ. ಅದರ ಮೇಲೆ ಒಂದೇ ಸಾಲಿನಲ್ಲಿ ಅರ್ಧ ಅಡಿಗೊಂದು ತೂತು ಕೊರೆಸಿ, ಪ್ರತಿ ತೂತಿಗೂ ಎರಡು ಪಟ್ಟಿಗಳ ನಡುವೆ ಕಬ್ಬಿಣದ ಬೆಣೆ ಇಟ್ಟು, ಸರದಿಯಂತೆ ಒಂದೊಂದೇ ಏಟು ಸುತ್ತಿಗೆಯಿಂದ ಕೊಡುತ್ತಾ ಬನ್ನಿ. ಟಣ್ ಟಣ್ ಅನ್ನುತ್ತಿದ್ದ ಸದ್ದು ಮಂಕಾದಾಗ ಕೈ ನಿಲ್ಲಿಸಿ, ಸ್ವಲ್ಪ ಹೊತ್ತು ಕಾಯಿರಿ. ಬಿರುಕು ತಾನಾಗಿ ಕೆಳಗಿನವರೆಗೆ ಇಳಿಯುತ್ತದೆ. ಆಮೇಲೆ ಎರಡು ಹೋಳನ್ನೂ ಒಂದೊಂದಾಗಿ ತಗಡಿಗೆ ಏರಿಸಿ ಸಾಗಿಸಬಹುದು.

ನಿಮ್ಮ ಕಲ್ಲುಗಳ ಅಳತೆ, ನೆಲ ಎಷ್ಟು ಇಳಿಜಾರು ಅನ್ನುವುದನ್ನು ತಿಳಿಸಿ. ಯಾವುದನ್ನು ಎಳೆಯಬಹುದು, ಯಾವುದನ್ನು ಒಡೆಯಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.